ಗೊಂಬೆಗೆ ಗಾಳಿಯಿಂದ ಬಣ್ಣ: ಏರ್‌ಬ್ರಶ್ ಮತ್ತು ಕಂಪ್ರೆಸರ್ ಜೋಡಿಸುವ ಪಾಠ



ಕಳೆದ ಮಳೆಗಾಲದಲ್ಲಿ ಕೊಪ್ಪ ತಾಲೂಕಿನ ಒಂದು ಸ್ವಸಹಾಯ ಸಂಘಕ್ಕೆ ನಾವು ಭೇಟಿ ಕೊಟ್ಟೆವು. ದಸರಾ ಗೊಂಬೆ ಮತ್ತು ಕ್ರಿಸ್‌ಮಸ್ ಗೋದಲಿಯ ಗೊಂಬೆಗಳಿಗೆ ಬಣ್ಣ ಹಚ್ಚಲು ಆ ಸಂಘದವರು ಒಳಸಾಲ ತೆಗೆದು ಏರ್‌ಬ್ರಶ್ ಮತ್ತು ಕಂಪ್ರೆಸರ್ ತಂದಿದ್ದರು. ನಾವು ಹೋದಾಗ ಮೆಷಿನ್ ಗೋಣಿಚೀಲದಡಿ ಮೂಲೆ ಸೇರಿತ್ತು. "ಸಿಸ್ಟರ್, ಇದು ಬಣ್ಣದ ಬದಲು ನೀರು ಉಗೀತದೆ. ನಮಗೆ ಮೋಸ ಆಯ್ತು" ಅಂದರು. ಇನ್ನೊಬ್ಬ ಅಕ್ಕ, ಮಳೆ ಅಂತ ಬಾಗಿಲು ಮುಚ್ಚಿ ಅಡುಗೆಮನೆಯಲ್ಲೇ ಕೆಲಸ ಮಾಡಿ, ಎರಡು ರಾತ್ರಿ ಕೆಮ್ಮಿ ನಿದ್ದೆಗೆಟ್ಟಿದ್ದರು.

ಮೆಷಿನ್ ಸರಿಯಾಗೇ ಇತ್ತು. ಅದನ್ನು ಜೋಡಿಸುವುದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. "ಎಲ್ಲಿ ಇಡುತ್ತೀರಿ, ಹೇಗೆ ನಡೆಸುತ್ತೀರಿ" ಎಂದು ಸಾಲದ ಮೊದಲೇ ಕೇಳಬೇಕಾದ ನಾವೂ ಕೇಳಿರಲಿಲ್ಲ. ಆ ತಪ್ಪು ನಮ್ಮದೂ ಹೌದು. ಆದ್ದರಿಂದ ಈ ತಿಂಗಳ ಪಾಠ ಇದು.

ನಿಮಗೆ ಗೊತ್ತಿರುವ ಕೆಲಸವೇ

ಅಡಿಕೆಗೆ ಕೊಳೆರೋಗ ಬಾರದಂತೆ ಬೋರ್ಡೋ ಹೊಡೆಯುವುದನ್ನು ನೀವೆಲ್ಲ ನೋಡಿದ್ದೀರಿ. ಸುಣ್ಣದ ನೀರನ್ನು ಬಟ್ಟೆಯಲ್ಲಿ ಸೋಸುತ್ತೀರಿ, ಇಲ್ಲವಾದರೆ ನಾಜಲ್ ಕಟ್ಟುತ್ತದೆ. ಒತ್ತಡ ಸಾಲದಿದ್ದರೆ ಮಂಜಿನ ಹಾಗೆ ಬೀಳದೆ ಹನಿಹನಿಯಾಗಿ ಬೀಳುತ್ತದೆ. ಕೆಲಸ ಮುಗಿದ ಮೇಲೆ ಪಂಪು ತೊಳೆಯದಿದ್ದರೆ ಮರುದಿನ ಅದು ಕೆಲಸಕ್ಕೆ ಬಾರದು. ಏರ್‌ಬ್ರಶ್‌ಗೂ ಇದೇ ಮೂರು ನಿಯಮ. ವ್ಯತ್ಯಾಸ ಒಂದೇ: ಅಲ್ಲಿ ಪಂಪು ದ್ರಾವಣವನ್ನೇ ತಳ್ಳುತ್ತದೆ. ಇಲ್ಲಿ ಕಂಪ್ರೆಸರ್ ಗಾಳಿಯನ್ನು ಮಾತ್ರ ತಳ್ಳುತ್ತದೆ, ಆ ಗಾಳಿ ನಾಜಲ್ ಬಾಯಲ್ಲಿ ಬಣ್ಣವನ್ನು ಎಳೆದುಕೊಂಡು ಮಂಜು ಮಾಡುತ್ತದೆ.

ಗೊಂಬೆಗೆ ಬಣ್ಣ ಹಾಕಲು ಇದೊಂದೇ ದಾರಿ ಎಂದು ತಿಳಿಯಬೇಡಿ. ಚನ್ನಪಟ್ಟಣದಲ್ಲಿ ತಿರುಗುವ ಮರಕ್ಕೆ ಅರಗಿನ ಬಣ್ಣ ಒತ್ತಿ ಹಚ್ಚುತ್ತಾರೆ. ಕೊಪ್ಪಳ ಜಿಲ್ಲೆಯ ಕಿನ್ನಾಳದಲ್ಲಿ ಕುಂಚ ಹಿಡಿದೇ ಬರೆಯುತ್ತಾರೆ. ಏರ್‌ಬ್ರಶ್‌ನ ಲಾಭ ಏನೆಂದರೆ, ತೆಳುವಾಗಿ, ಸಮನಾಗಿ, ಒಂದು ಬಣ್ಣದೊಳಗೆ ಇನ್ನೊಂದು ಕರಗಿದಂತೆ ಹಚ್ಚಬಹುದು. ಕೆನ್ನೆಯ ಕೆಂಪು, ಸೀರೆಯ ನೆರಳು ಚೆನ್ನಾಗಿ ಬರುತ್ತದೆ. ಕಣ್ಣು, ಹುಬ್ಬು ಬರೆಯಲು ಕುಂಚವೇ ಬೇಕು.

ಏನೇನು ಬೇಕು?

1. ಏರ್‌ಬ್ರಶ್: ಮೇಲೆ ಚಿಕ್ಕ ಬಟ್ಟಲಿರುವ, 0.3 ಮಿ.ಮೀ. ನಾಜಲ್‌ನ, ಎರಡು ಕ್ರಿಯೆಯ ಗುಂಡಿಯದ್ದು ಕಲಿಯುವವರಿಗೆ ಸಾಕು. ಗುಂಡಿ ಕೆಳಕ್ಕೆ ಒತ್ತಿದರೆ ಗಾಳಿ, ಹಿಂದಕ್ಕೆ ಎಳೆದರೆ ಬಣ್ಣ.
2. ಕಂಪ್ರೆಸರ್: ಎಣ್ಣೆ ಬೇಡದ ಚಿಕ್ಕದು, ಸುಮಾರು 3 ಲೀಟರ್ ಟ್ಯಾಂಕ್ ಇರುವಂಥದ್ದು. ಟ್ಯಾಂಕ್ ಇದ್ದರೆ ಗಾಳಿ ಒಂದೇ ಸಮನೆ ಬರುತ್ತದೆ, ಮೋಟಾರಿಗೂ ನಡುನಡುವೆ ವಿಶ್ರಾಂತಿ ಸಿಗುತ್ತದೆ.
3. ಒತ್ತಡ ಹೊಂದಿಸುವ ರೆಗ್ಯುಲೇಟರ್, ಅದರ ಕೆಳಗೆ ನೀರು ಹಿಡಿಯುವ ಗಾಜಿನಂಥ ಬಟ್ಟಲು. ಮಲೆನಾಡಿನವರು ಇದಿಲ್ಲದೆ ಕೊಳ್ಳಲೇಬೇಡಿ.
4. ಹೋಸ್ ಪೈಪ್, ಟೆಫ್ಲಾನ್ ಟೇಪ್, ಮಾಸ್ಕ್.

ಜೋಡಿಸುವ ಕ್ರಮ

ಜಾಗ: ಎದುರುಬದುರು ಕಿಟಕಿ ಇರುವ ಕೋಣೆ ಅಥವಾ ಮಳೆ ಎರಚದ ಜಗಲಿ ಆಗಬಹುದು. ಅಡುಗೆಮನೆ ಬೇಡ. ಥಿನ್ನರ್ ಇರುವ ಬಣ್ಣವಾದರೆ ಒಲೆ, ದೀಪ, ಊದುಬತ್ತಿ ಹತ್ತಿರ ಇರಕೂಡದು.

ವಿದ್ಯುತ್ತು: ಅರ್ತ್ ಇರುವ ಮೂರು ಪಿನ್ನಿನ ಪ್ಲಗ್ಗಿಗೇ ಹಾಕಿ, ತೆಳು ವಯರಿನ ಎಕ್ಸ್‌ಟೆನ್ಷನ್ ಬೇಡ. ಕರೆಂಟ್ ಹೋದಾಗ ಸ್ವಿಚ್ ಆಫ್ ಮಾಡಿ. ವೋಲ್ಟೇಜ್ ಕಡಿಮೆ ಇದ್ದಾಗ ಟ್ಯಾಂಕಿನಲ್ಲಿ ಗಾಳಿ ತುಂಬಿದ್ದರೆ ಮೋಟಾರ್ ತಿರುಗಲಾರದೆ ಗುಂಯ್ ಎಂದು ಬಿಸಿಯಾಗುತ್ತದೆ. ಆಗ ಗಾಳಿ ಬಿಟ್ಟು, ವೋಲ್ಟೇಜ್ ಬಂದ ಮೇಲೆ ಶುರು ಮಾಡಿ.

ಜೋಡಣೆ: ಕಂಪ್ರೆಸರ್, ನಂತರ ರೆಗ್ಯುಲೇಟರ್ ಮತ್ತು ನೀರಿನ ಬಟ್ಟಲು, ನಂತರ ಹೋಸ್, ಕೊನೆಗೆ ಏರ್‌ಬ್ರಶ್. ನೀರಿನ ಬಟ್ಟಲು ನೆಟ್ಟಗೆ ನಿಂತಿರಬೇಕು. ಮರೆಗಳಿಗೆ ಟೆಫ್ಲಾನ್ ಟೇಪ್ ಸುತ್ತಿ. ಗಾಳಿ ತುಂಬಿದ ಮೇಲೆ ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ ನೋಡಿ. ಗುಳ್ಳೆ ಬಂದಲ್ಲಿ ಗಾಳಿ ಸೋರುತ್ತಿದೆ ಎಂದರ್ಥ.

ಒತ್ತಡ: ಗುಂಡಿ ಒತ್ತಿ ಗಾಳಿ ಹರಿಯುತ್ತಿರುವಾಗಲೇ ಮುಳ್ಳನ್ನು 20 ಪಿ.ಎಸ್.ಐ. ಸುಮಾರಿಗೆ ತನ್ನಿ. ಸುಮ್ಮನಿದ್ದಾಗ ತೋರಿಸುವ ಅಂಕಿ ಕೆಲಸದ ಅಂಕಿ ಅಲ್ಲ. ಚಿಕ್ಕ ಗೊಂಬೆಗೆ 15ರಿಂದ 25ರೊಳಗೆ ಸಾಕು.

ಬಣ್ಣ: ನೀರಿನ ಅಕ್ರಿಲಿಕ್ ಬಣ್ಣವನ್ನು ಹಾಲಿನಷ್ಟು ತೆಳು ಮಾಡಿ ಸೋಸಿ. ಬಟ್ಟಲಿನ ಗೋಡೆಗೆ ತಾಗಿಸಿದರೆ ತೆಳ್ಳಗೆ ಪದರ ಬಿಟ್ಟು ಇಳಿಯಬೇಕು. ಮೊಸರಿನ ಹಾಗೆ ಅಂಟಿದರೆ ಇನ್ನೂ ಗಟ್ಟಿ.

ಅಭ್ಯಾಸ: ಮೊದಲ ದಿನ ಬರೀ ನೀರು, ಎರಡನೇ ದಿನ ಹಳೇ ಪೇಪರ್ ಮೇಲೆ ಚುಕ್ಕಿ, ಗೆರೆ. ಗೊಂಬೆ ಮುಟ್ಟಬೇಡಿ. ಮೊದಲು ಗಾಳಿ, ನಂತರ ಬಣ್ಣ. ನಿಲ್ಲಿಸುವಾಗ ಮೊದಲು ಬಣ್ಣ, ನಂತರ ಗಾಳಿ. ನಾಲ್ಕು ಬೆರಳಿನಷ್ಟು ದೂರದಲ್ಲಿ ಕೈ ಆಡಿಸುತ್ತಲೇ ಇರಿ. ನಿಂತರೆ ಬಣ್ಣ ಇಳಿಯುತ್ತದೆ. ಒಂದು ದಪ್ಪ ಪದರಕ್ಕಿಂತ ಮೂರು ತೆಳು ಪದರ ಒಳ್ಳೇದು.

ನೀರು ಎಲ್ಲಿಂದ ಬಂತು?

ಅನ್ನದ ಪಾತ್ರೆಯ ಹಬೆ ಮುಚ್ಚಳಕ್ಕೆ ತಾಗಿ ನೀರಾಗುವುದಿಲ್ಲವೇ? ಹಾಗೆಯೇ ಮಳೆಗಾಲದ ನಮ್ಮ ಗಾಳಿಯಲ್ಲಿ ತೇವ ತುಂಬಿರುತ್ತದೆ. ಅದನ್ನು ಒತ್ತಿ ಟ್ಯಾಂಕಿಗೆ ತುಂಬಿ, ಅದು ತಣ್ಣಗಾದಾಗ ತೇವ ನೀರಾಗುತ್ತದೆ. ಆ ನೀರೇ ಹೋಸಿನಲ್ಲಿ ಬಂದು ಗೊಂಬೆಯ ಮೇಲೆ ಉಗಿದದ್ದು. ನೀರಿನ ಬಟ್ಟಲನ್ನು ಆಗಾಗ ಖಾಲಿ ಮಾಡಿ. ಸಂಜೆ ಟ್ಯಾಂಕಿನ ಅಡಿಯ ಕೀಲಿ ಬಿಚ್ಚಿ ನೀರು ಹೊರಬಿಡಿ, ಇಲ್ಲವಾದರೆ ಟ್ಯಾಂಕ್ ಒಳಗೇ ತುಕ್ಕು ಹಿಡಿಯುತ್ತದೆ. ಮಣ್ಣಿನ ಗೊಂಬೆಯೂ ಪೂರ್ತಿ ಒಣಗಿರಬೇಕು. ಹಸಿ ಮಣ್ಣಿನ ಮೇಲಿನ ಬಣ್ಣ ಸಿಪ್ಪೆಯಾಗಿ ಏಳುತ್ತದೆ.

ಬೇರೆ ತೊಂದರೆಗಳು

ಬಟ್ಟಲಿನಲ್ಲಿ ಗುಳ್ಳೆ ಎದ್ದರೆ ನಾಜಲ್ ಕಟ್ಟಿದೆ ಅಥವಾ ಸಡಿಲವಾಗಿದೆ. ಬಣ್ಣ ಜೇಡರ ಕಾಲಿನಂತೆ ಹರಡಿದರೆ ತೀರಾ ನೀರಾಗಿದೆ ಅಥವಾ ತೀರಾ ಹತ್ತಿರ ಹಿಡಿದಿದ್ದೀರಿ. ಪುಡಿಪುಡಿಯಾಗಿ ಒರಟಾದರೆ ದೂರ ಹೆಚ್ಚು, ಬಣ್ಣ ದಾರಿಯಲ್ಲೇ ಒಣಗುತ್ತಿದೆ. ಪ್ರತಿ ಬಣ್ಣದ ನಂತರ ನೀರು ಹಾಕಿ ಹೊಡೆಯಿರಿ. ದಿನದ ಕೊನೆಗೆ ಸೂಜಿಯನ್ನು ಹಿಂದಕ್ಕೆ ಎಳೆದು ತೆಗೆದು ಒರೆಸಿ. ಇಡೀ ಏರ್‌ಬ್ರಶ್ಶನ್ನು ಥಿನ್ನರಿನಲ್ಲಿ ನೆನೆಸಿಡಬೇಡಿ, ಒಳಗಿನ ರಬ್ಬರ್ ಬಳೆಗಳು ಹಾಳಾಗುತ್ತವೆ.

ನಿಮ್ಮ ಶ್ವಾಸ, ಮಕ್ಕಳ ಬಾಯಿ, ನಮ್ಮ ಹೊಳೆ

ನೀರಿನ ಬಣ್ಣ ಅಂತ ನಿರ್ಲಕ್ಷ್ಯ ಬೇಡ. ಅದರ ಮಂಜೂ ಶ್ವಾಸಕೋಶಕ್ಕೆ ಹೋಗುತ್ತದೆ. ಕನಿಷ್ಠ ಎನ್-95 ಮಾಸ್ಕ್ ಹಾಕಿ, ಸೆರಗು ಸಾಲದು. ಆದರೆ ಥಿನ್ನರಿನ ವಾಸನೆಯನ್ನು ಎನ್-95 ತಡೆಯುವುದಿಲ್ಲ. ಅದಕ್ಕೆ ಇದ್ದಿಲಿನ ಡಬ್ಬಿ ಇರುವ ಬೇರೆ ಮಾಸ್ಕೇ ಬೇಕು. ಗಾಳಿಯನ್ನು ಮೈಗೆ, ಮಕ್ಕಳ ಮುಖಕ್ಕೆ ತಮಾಷೆಗೂ ಹೊಡೆಯಬೇಡಿ. ಬಸುರಿಯರು, ಉಬ್ಬಸ ಇರುವವರು ಈ ಕೆಲಸ ಬಿಟ್ಟು ಗೊಂಬೆ ಮಾಡುವ, ಲೆಕ್ಕ ಬರೆಯುವ ಕೆಲಸ ಮಾಡಲಿ. ಪಾಲು ಕಡಿಮೆ ಮಾಡಬೇಡಿ.

ಮನೆ ಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಭಾಗ ಮೀರಬಾರದೆಂಬ ನಿಯಮ 2017ರ ನವೆಂಬರ್‌ನಿಂದ ಜಾರಿಯಲ್ಲಿದೆ. ಡಬ್ಬಿಯ ಮೇಲಿನ ಬರಹ ಓದಿ, ಬಿಡಿಯಾಗಿ ಮಾರುವ ಬಣ್ಣ ಕೊಳ್ಳಬೇಡಿ. 14 ವರ್ಷದೊಳಗಿನ ಮಕ್ಕಳ ಆಟಿಕೆಗೆ 2021ರ ಜನವರಿ 1ರಿಂದ ಬಿ.ಐ.ಎಸ್. ಗುರುತು ಕಡ್ಡಾಯ. ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿಸಿದ ಕುಶಲಕರ್ಮಿಗಳು ಮಾಡಿ ಮಾರುವ ಆಟಿಕೆಗೆ ವಿನಾಯಿತಿ ಇದೆ. ಅಲಂಕಾರದ ಗೊಂಬೆಯನ್ನು "ಆಟಿಕೆ" ಎಂದು ಹೇಳಿ ಮಾರಬೇಡಿ.

ನೀರಿಗೆ ಬಿಡುವ ಗಣಪತಿಗೆ ಈ ಮೆಷಿನ್ ಬೇಡ. ಅಕ್ರಿಲಿಕ್ ಒಣಗಿದ ಮೇಲೆ ಪ್ಲಾಸ್ಟಿಕ್ಕಿನ ಪದರವೇ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2020ರ ಮಾರ್ಗಸೂಚಿಯೂ ಪಿ.ಓ.ಪಿ. ಮೂರ್ತಿ ಬೇಡ, ವಿಷದ ಬಣ್ಣ ಬೇಡ ಎನ್ನುತ್ತದೆ. ಅರಿಸಿನ, ಕೆಮ್ಮಣ್ಣು ಸಾಕು. ಅವುಗಳ ಪುಡಿ ನಾಜಲ್ ಕಟ್ಟುವುದರಿಂದ ಕುಂಚದಲ್ಲೇ ಹಚ್ಚಿ. ತುಂಗೆ, ಭದ್ರೆಯ ನೀರನ್ನೇ ನಾವು ಕುಡಿಯುವುದು.

ಕೊಳ್ಳುವ ಮೊದಲು ಲೆಕ್ಕ

ಕರೆಂಟಿನ ಖರ್ಚು ಹೆಚ್ಚಿಲ್ಲ. 150 ವಾಟಿನ ಮೆಷಿನ್ 4 ಗಂಟೆ ನಡೆದರೆ 0.6 ಯೂನಿಟ್. ಖರ್ಚು ಬರುವುದು ಬಣ್ಣಕ್ಕೆ, ಮಾಸ್ಕಿಗೆ, ಬಾಗಿದ ಸೂಜಿಗೆ. ಮೊದಲು ಕುಂಚದಲ್ಲೇ 50 ಗೊಂಬೆ ಮಾಡಿ ಮಾರಿ ನೋಡಿ. ಮಾರಾಟವಾದರೆ ಎರಡು ಮೂರು ಸಂಘ ಸೇರಿ ಒಂದು ಮೆಷಿನ್ ತನ್ನಿ. ನಾವು ಹೇಳಿದ ಆ ಸಂಘದವರು ಈಗ ಜಗಲಿಯಲ್ಲಿ ಕೆಲಸ ಮಾಡುತ್ತಿದ್ದಾರೆ. ದಿನಾ ಸಂಜೆ ನೀರು ಬಿಡುವ ಪಾಳಿಯನ್ನು ಗೋಡೆಗೆ ಬರೆದಿದ್ದಾರೆ. ಕೆಮ್ಮಿದ ಅಕ್ಕ ಈಗ ಕಣ್ಣು ಬರೆಯುವವರು. ಸಾಲದ ಕಂತು ಇನ್ನೂ ಬಾಕಿ ಇದೆ, ಆದರೆ ತಪ್ಪದೆ ಕಟ್ಟುತ್ತಿದ್ದಾರೆ.

ಮುಂದಿನ ಸಭೆಯಲ್ಲಿ ಚರ್ಚಿಸಿ, ನಡವಳಿ ಪುಸ್ತಕದಲ್ಲಿ ಬರೆಯಿರಿ

1. ನಮ್ಮ ಗೊಂಬೆ ಕೊಳ್ಳುವವರು ಯಾರು? ಯಾವ ತಿಂಗಳಲ್ಲಿ?
2. ಮೆಷಿನ್ ಇಡಲು ಗಾಳಿಯಾಡುವ ಜಾಗ ಯಾರ ಮನೆಯಲ್ಲಿದೆ?
3. ತೊಳೆಯುವ, ನೀರು ಬಿಡುವ ಜವಾಬ್ದಾರಿ ಯಾರದು?
4. ಮಾಸ್ಕಿನ ಖರ್ಚನ್ನು ಗೊಂಬೆಯ ಬೆಲೆಯಲ್ಲಿ ಸೇರಿಸಿದ್ದೇವೆಯೇ?

ನಾಲ್ಕಕ್ಕೂ ಉತ್ತರ ಸಿಕ್ಕ ಮೇಲೆ ಸಾಲದ ಅರ್ಜಿ ಬರೆಯಿರಿ. ಈ ಸಲ ನಾವೂ ಕೇಳಿಯೇ ಸಹಿ ಹಾಕುತ್ತೇವೆ.