ಬೇಳೆಯ ಸ್ಟಾರ್ ಬೇರೆ, ಬಿದ್ರಿಯ ಸ್ಟಾರ್ ಬೇರೆ

ಪ್ರಶ್ನೆ: ಭಾಲ್ಕಿಯಲ್ಲಿ ನಮ್ಮದು ಸಣ್ಣ ವ್ಯಾಪಾರ. ಈ ಭಾಗದ ತೊಗರಿಬೇಳೆ, ಹೆಸರುಬೇಳೆ ಪ್ಯಾಕ್ ಮಾಡಿ ಆನ್‌ಲೈನಿನಲ್ಲೂ ವಾಟ್ಸ್ಆ್ಯಪಿನಲ್ಲೂ ಮಾರುತ್ತೇವೆ. ಬೀದರಿನಿಂದ ಬಿದ್ರಿ ಸಾಮಾನನ್ನೂ ತಂದು ಮಾರಲು ಶುರು ಮಾಡಿದ್ದೇವೆ. ಬೇಳೆಗೆ ಬಹಳ ರಿವ್ಯೂ ಇವೆ, 3.9 ಸ್ಟಾರ್. ಬಿದ್ರಿಗೆ ಎಂಟೇ ರಿವ್ಯೂ, 4.5 ಸ್ಟಾರ್. ಆದರೂ ಬೇಳೆ ಹೋಗುತ್ತದೆ, ಬಿದ್ರಿ ನಿಲ್ಲುತ್ತದೆ. ರಿವ್ಯೂ ಮತ್ತು ಮಾರಾಟದ ಲೆಕ್ಕ ನೋಡಿ ಮುಂದಿನ ವರ್ಷ ಏನು ಮಾಡಬೇಕೆಂದು ಹೇಗೆ ತೀರ್ಮಾನಿಸುವುದು? ನೆಂಟರಿಷ್ಟರಿಂದ ಐದು ಸ್ಟಾರ್ ಹಾಕಿಸಿದರೆ ತಪ್ಪೇ?
– ಒಬ್ಬ ಓದುಗರು, ಭಾಲ್ಕಿ

ಉತ್ತರ: ನೀವು ಮಾರುತ್ತಿರುವ ಎರಡು ಸಾಮಾನುಗಳ ಸ್ವಭಾವವೇ ಬೇರೆ. ಬೇಳೆಯನ್ನು ಒಂದು ಮನೆ ಮತ್ತೆ ಮತ್ತೆ ಕೊಳ್ಳುತ್ತದೆ, ಬಿದ್ರಿ ಹೂದಾನಿಯನ್ನು ಬಹುಶಃ ಜೀವಮಾನದಲ್ಲಿ ಒಮ್ಮೆ. ಹಾಗಾಗಿ ಬೇಳೆಯ ವಿಷಯದಲ್ಲಿ ನಿಜವಾದ ಅಭಿಪ್ರಾಯ ಸ್ಟಾರ್‌ನಲ್ಲಿಲ್ಲ, ಎರಡನೆಯ ಆರ್ಡರಿನಲ್ಲಿದೆ. ಮೊದಲ ಸಲ ಕೊಂಡವರಲ್ಲಿ ಎಷ್ಟು ಮನೆಗಳು ಎರಡು ಮೂರು ತಿಂಗಳೊಳಗೆ ಮರಳಿ ಬಂದವು ಎಂಬ ಒಂದು ಲೆಕ್ಕವನ್ನು ತೆಗೆದಿಡಿ. ಅದು ಏರುತ್ತಿದ್ದರೆ 3.9ಕ್ಕೆ ನಿದ್ದೆ ಕೆಡಿಸಿಕೊಳ್ಳಬೇಡಿ. ಇಳಿಯುತ್ತಿದ್ದರೆ 4.6 ಇದ್ದರೂ ಎಚ್ಚರಾಗಬೇಕು. ಬಿದ್ರಿಗೆ ಆ ಎರಡನೆಯ ಆರ್ಡರ್ ಬರುವುದೇ ಅಪರೂಪ, ಆದ್ದರಿಂದ ಅಲ್ಲಿ ಬರೆದ ಮಾತಿಗೆ ಬೆಲೆ ಹೆಚ್ಚು.

ಮೊದಲು ಬೇಳೆ. ಸರಾಸರಿಯನ್ನು ಬದಿಗಿಟ್ಟು ಒಂದು, ಎರಡು ಸ್ಟಾರ್ ಕೊಟ್ಟವರ ಮಾತನ್ನಷ್ಟೇ ಓದಿ, ಪ್ರತಿಯೊಂದರ ಎದುರು ದೂರು ಯಾವುದರ ಮೇಲೆ ಎಂದು ಬರೆಯಿರಿ: ಬೇಳೆಯ ಮೇಲೋ, ಪ್ಯಾಕಿಂಗ್ ಮೇಲೋ, ಕೊರಿಯರ್ ಮೇಲೋ. ‘ಬ್ಯಾಳಿ ಚಲೋ ಅದ, ಬರೋದಕ್ಕ ಎಂಟು ದಿನ ಆತು’ ಎಂದು ಬರೆದು ಎರಡು ಸ್ಟಾರ್ ಕೊಟ್ಟವರು ನಿಮ್ಮ ಬೇಳೆಯನ್ನು ಹೊಗಳಿದ್ದಾರೆ. ಈ ಕೆಲಸವನ್ನು ಯಂತ್ರಕ್ಕೆ ಒಪ್ಪಿಸದೆ ನೀವೇ ಮಾಡಿ ಎನ್ನುತ್ತೇನೆ. ಬೀದರ್ ಜಿಲ್ಲೆಯ ಗ್ರಾಹಕರು ಕನ್ನಡ, ಮರಾಠಿ, ದಖನಿ ಬೆರೆಸಿ, ಎಷ್ಟೋ ಸಲ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುತ್ತಾರೆ. ಅದರ ಧಾಟಿ ನಿಮಗೆ ತಿಳಿಯುವಷ್ಟು ಸಾಫ್ಟ್‌ವೇರಿಗೆ ತಿಳಿಯದು.

ಬೇಳೆ ಮಾರುವವರನ್ನು ಹೆಚ್ಚು ದಾರಿ ತಪ್ಪಿಸುವ ದೂರು ‘ಬೇಯುವುದೇ ಇಲ್ಲ’ ಎನ್ನುವುದು. ಅದಕ್ಕೆ ಎರಡು ಬೇರೆ ಕಾರಣಗಳಿರಬಹುದು. ಒಂದು, ಬೇಳೆ ಹಳೆಯದು. ಸೆಕೆ ಮತ್ತು ತೇವ ಇರುವ ಗೋದಾಮಿನಲ್ಲಿ ಬಹುಕಾಲ ಬಿದ್ದ ಕಾಳು ಗಡುಸಾಗಿ, ಎಷ್ಟು ಕುದಿಸಿದರೂ ಮೆತ್ತಗಾಗದು. ಇನ್ನೊಂದು, ಗ್ರಾಹಕರ ಮನೆಯ ನೀರು. ಬೋರ್‌ವೆಲ್ಲಿನ ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂಗಳು ಕಾಳಿನೊಳಗಿನ ಪೆಕ್ಟಿನ್ ಜೊತೆ ಸೇರಿ ಅದನ್ನು ಕರಗದಂತೆ ಹಿಡಿದಿಡುತ್ತವೆ. ಇವೆರಡರಲ್ಲಿ ಯಾವುದೆಂದು ರಿವ್ಯೂ ಹೇಳುವುದಿಲ್ಲ, ಮಾರಾಟದ ಲೆಕ್ಕ ಹೇಳುತ್ತದೆ. ರಿವ್ಯೂ ಬರೆದವರ ಆರ್ಡರ್ ಯಾವುದೆಂದು ಆನ್‌ಲೈನ್ ಮಳಿಗೆಗಳಲ್ಲಿ ಗೊತ್ತಾಗುವುದು ಕಷ್ಟ. ಆದರೆ ರಿಟರ್ನ್ ಪಟ್ಟಿಯಲ್ಲಿ ಆರ್ಡರ್ ಸಂಖ್ಯೆ, ಕಾರಣ ಎರಡೂ ಇರುತ್ತವೆ. ವಾಟ್ಸ್ಆ್ಯಪ್ ಆರ್ಡರಂತೂ ನಿಮ್ಮ ಕೈಯಲ್ಲೇ ಇದೆ. ಆ ದೂರುಗಳ ಎದುರು ಪಿನ್‌ಕೋಡ್ ಮತ್ತು ಪ್ಯಾಕ್ ಮಾಡಿದ ಲಾಟ್ ಬರೆದು ನೋಡಿ. ಬೇರೆ ಬೇರೆ ಲಾಟಿನ ದೂರುಗಳೆಲ್ಲ ಬೆಂಗಳೂರಿನ ಕೆಲವೇ ಬಡಾವಣೆಗಳಿಂದ ಬಂದಿದ್ದರೆ ಅದು ನೀರಿನ ಕಥೆ. ಪ್ಯಾಕೆಟ್ ಮೇಲೆ ‘ಅರ್ಧ ಗಂಟೆ ನೆನೆಸಿ, ಕುಡಿಯುವ ನೀರಿನಲ್ಲಿ ಬೇಯಿಸಿ’ ಎಂಬ ಒಂದು ಸಾಲು ಸಾಕಾಗಬಹುದು. ಊರು ಬೇರೆ ಬೇರೆಯಾಗಿದ್ದು ಲಾಟ್ ಒಂದೇ ಆಗಿದ್ದರೆ ತಪ್ಪು ನಿಮ್ಮ ಗೋದಾಮಿನದು, ಉಳಿದ ಮೂಟೆಗಳನ್ನು ತಕ್ಷಣ ತಡೆಹಿಡಿಯಿರಿ. ಹುಳು ಬಿದ್ದ ದೂರಿಗೂ ಇದೇ ಪರೀಕ್ಷೆ ಹಾಕಿ. ಜೊತೆಗೆ ತಿಂಗಳನ್ನೂ ನೋಡಿ, ಮಳೆಗಾಲದಲ್ಲಿ ಅದು ಹೆಚ್ಚುವುದು ನಿಮಗೆ ಗೊತ್ತಿರುವುದೇ.

ದೂರನ್ನೂ ಹೇಳದೆ ಸುಮ್ಮನೆ ಬಿಟ್ಟುಹೋದವರು ಯಾವ ರಿವ್ಯೂನಲ್ಲೂ ಸಿಗುವುದಿಲ್ಲ. ಒಮ್ಮೆ ಕೊಂಡು ಮತ್ತೆ ಬಾರದ ವಾಟ್ಸ್ಆ್ಯಪ್ ಗ್ರಾಹಕರಲ್ಲಿ ಕೆಲವರಿಗೆ ಫೋನ್ ಮಾಡಿ. ಮಾರುವ ಮಾತೆತ್ತದೆ, ‘ಈಗ ಬೇಳೆ ಎಲ್ಲಿಂದ ತರಸ್ತೀರಿ, ಅಕ್ಕಾರ?’ ಎಂದಷ್ಟೇ ಕೇಳಿ. ಆ ಉತ್ತರದಲ್ಲಿ ನಿಮ್ಮ ನಿಜವಾದ ಪ್ರತಿಸ್ಪರ್ಧಿ ಯಾರೆಂಬುದು ಸಿಗುತ್ತದೆ.

ಇನ್ನು ಬಿದ್ರಿಯ 4.5. ಎಂಟರಲ್ಲಿ ಏಳು ಜನ ಐದು ಸ್ಟಾರ್ ಕೊಟ್ಟು ಒಬ್ಬರು ಒಂದು ಕೊಟ್ಟರೆ ಸರಾಸರಿ 4.5. ನಾಳೆ ಇನ್ನೊಬ್ಬರು ಒಂದು ಸ್ಟಾರ್ ಕೊಟ್ಟರೆ ಅದು 4.1ಕ್ಕೆ ಬೀಳುತ್ತದೆ. ಒಬ್ಬ ಗ್ರಾಹಕರ ಸಿಟ್ಟಿಗೆ ಇಷ್ಟು ಅಲುಗಾಡುವ ಸಂಖ್ಯೆಯ ಮೇಲೆ ವರ್ಷದ ಬಂಡವಾಳ ಹೂಡಬಾರದು. ಜೊತೆಗೆ, ರಿವ್ಯೂ ಬರೆಯುವವರು ಹೆಚ್ಚಾಗಿ ಬಹಳ ಖುಷಿಯಾದವರು, ಇಲ್ಲವೇ ಬಹಳ ಬೇಸರಗೊಂಡವರು. ‘ಪರವಾಗಿಲ್ಲ’ ಎನ್ನುವವರು ಬರೆಯುವುದೇ ಕಡಿಮೆ ಎಂಬುದನ್ನು 2009ರಲ್ಲಿ ನಾನ್ ಹು, ಪಾವ್ಲೋ ಮತ್ತು ಝಾಂಗ್ ಎಂಬ ಸಂಶೋಧಕರು ತೋರಿಸಿದರು. ಹಾಗೆಂದು ಸ್ಟಾರ್ ನಿರ್ಲಕ್ಷಿಸುವಂತಿಲ್ಲ. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಮೈಕೆಲ್ ಲೂಕಾ 2011ರಲ್ಲಿ ಅಮೆರಿಕದ ಸಿಯಾಟಲ್ ನಗರದ ಹೋಟೆಲುಗಳ ಲೆಕ್ಕ ನೋಡಿದಾಗ, ಒಂದು ಸ್ಟಾರ್ ಏರಿಕೆಯಿಂದ ವರಮಾನ ಶೇ 5ರಿಂದ 9ರಷ್ಟು ಏರಿತ್ತು. ಆದರೆ ಇದು ಸ್ವತಂತ್ರ ಹೋಟೆಲುಗಳಿಗಷ್ಟೇ, ಹೆಸರಾಂತ ಸರಣಿ ಹೋಟೆಲುಗಳಿಗೆ ಸ್ಟಾರ್‌ನಿಂದ ವ್ಯತ್ಯಾಸವಾಗಲಿಲ್ಲ. ಹೆಸರು ಪರಿಚಯವಿಲ್ಲದ ಅಂಗಡಿಯನ್ನು ಗ್ರಾಹಕರು ಇತರರ ಮಾತಿನಿಂದಲೇ ಅಳೆಯುತ್ತಾರೆ. ಭಾಲ್ಕಿಯ ನಿಮ್ಮ ಅಂಗಡಿ ಆ ಸಾಲಿನದು.

ಬಿದ್ರಿ ಏಕೆ ನಿಲ್ಲುತ್ತಿದೆ ಎಂದು ತಿಳಿಯಲು ಮೂರು ಅಂಕಿ ಅಕ್ಕಪಕ್ಕ ಇಡಿ: ನೋಡಿದವರೆಷ್ಟು, ಕೊಂಡವರೆಷ್ಟು, ಹಿಂದಿರುಗಿಸಿದವರೆಷ್ಟು. ನೋಡಿದವರೇ ಕಡಿಮೆಯಾದರೆ ಸಾಮಾನಿನಲ್ಲಿ ದೋಷ ಹುಡುಕಬೇಡಿ, ಅದು ಜನರ ಕಣ್ಣಿಗೇ ಬಿದ್ದಿಲ್ಲ. ನೋಡಿಯೂ ಕೊಳ್ಳದಿದ್ದರೆ ಬೆಲೆ, ಫೋಟೋ, ವಿವರಣೆಗಳತ್ತ ತಿರುಗಿ. ಕೊಂಡು ಹಿಂದಿರುಗಿಸಿದರೆ ನಿಮ್ಮ ಫೋಟೋ ಇಲ್ಲದ್ದನ್ನು ಹೇಳುತ್ತಿದೆ. ಬಿಳಿ ಹಿನ್ನೆಲೆಯಲ್ಲಿ ತೆಗೆದ ಬಿದ್ರಿ ಹೂದಾನಿಯ ಚಿತ್ರದಲ್ಲಿ ಅದರ ಗಾತ್ರ ತಿಳಿಯುವುದಿಲ್ಲ. ಎತ್ತರವನ್ನು ಇಂಚಿನಲ್ಲಿ, ತೂಕವನ್ನು ಗ್ರಾಮಿನಲ್ಲಿ ಬರೆದು, ಕೈಯಲ್ಲಿ ಹಿಡಿದ ಒಂದು ಚಿತ್ರವನ್ನೂ ಹಾಕಿ.

‘ಬಹಳ ಕಪ್ಪು, ಬೇರೆ ಬಣ್ಣ ಇದ್ದರೆ ಚೆನ್ನಾಗಿತ್ತು’ ಎಂಬ ರಿವ್ಯೂ ಬಂದರೆ? ಇಲ್ಲಿ ನನ್ನ ಮಾತು ಖಡಕ್ಕಾಗಿದೆ, ಬದಲಾಯಿಸಬೇಡಿ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಕೆತ್ತಿದ ಗೆರೆಯಲ್ಲಿ ಬೆಳ್ಳಿ ಕೂರಿಸಿ, ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರ ಬೆರೆಸಿದ ಕುದಿಯುವ ನೀರಿಗೆ ಹಾಕಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಆ ಕಪ್ಪು ಹೋದರೆ ಬಿದ್ರಿಯೇ ಹೋಯಿತು. ಗ್ರಾಹಕರಿಗೆ ಇದನ್ನು ಯಾರೂ ತಿಳಿಸಿಲ್ಲ ಎಂಬುದು ಆ ರಿವ್ಯೂನಿಂದ ನಿಮಗೆ ಸಿಕ್ಕ ಮಾಹಿತಿ. ವಿವರಣೆಯಲ್ಲಿ ಇದನ್ನು ನಾಲ್ಕು ಸಾಲಿನಲ್ಲಿ ಬರೆಯಿರಿ, ಮೆತ್ತನೆಯ ಬಟ್ಟೆಯಿಂದ ಒಂದಿಷ್ಟು ಕೊಬ್ಬರಿ ಎಣ್ಣೆ ಒರೆಸುವ ಆರೈಕೆಯನ್ನೂ ಸೇರಿಸಿ. ಏನನ್ನು ಮಾಡಬೇಕು ಎನ್ನುವಲ್ಲಿ ಮಾತ್ರ ಮಾರುಕಟ್ಟೆಯ ಮಾತಿಗೆ ಕಿವಿಗೊಡಿ. ಬಿದ್ರಿ ಕಸುಬುದಾರರು ಹಿಂದೆ ಹುಕ್ಕಾ, ಪಾನ್‌ದಾನ, ಸುರಾಹಿ ಮಾಡುತ್ತಿದ್ದರು. ಆ ಬಳಕೆ ಕುಗ್ಗಿದಾಗ ಕೀಚೈನು, ಪೆನ್‌ಡ್ರೈವುಗಳ ಮೇಲೂ ಬೆಳ್ಳಿ ಕೂರಿಸಿದರು. ವಸ್ತು ಬದಲಾಯಿತು, ಕೆಲಸದ ಕ್ರಮ ಬದಲಾಗಲಿಲ್ಲ. ನಿಮ್ಮ ಲೆಕ್ಕದಲ್ಲಿ ದೊಡ್ಡ ಹೂದಾನಿಗಿಂತ ಸಣ್ಣ ಡಬ್ಬಿ ಹೆಚ್ಚು ಹೋಗುತ್ತಿದ್ದರೆ ಅದನ್ನು ಕುಶಲಕರ್ಮಿಗಳ ಮುಂದಿಡಿ, ಅವರ ಸಲಹೆಯನ್ನೂ ಕೇಳಿ.

ತಿಂಗಳಿನ ಮಾರಾಟ ಹೋಲಿಸುವಾಗ ಪಂಚಾಂಗ ಪಕ್ಕದಲ್ಲಿರಲಿ. ಬಿದ್ರಿ ಹೆಚ್ಚಾಗಿ ಉಡುಗೊರೆಯ ಸಾಮಾನು. 2023ರಲ್ಲಿ ದೀಪಾವಳಿ ನವೆಂಬರ್ 12ಕ್ಕೆ ಬಂತು, 2025ರಲ್ಲಿ ಅಕ್ಟೋಬರ್ 20ಕ್ಕೇ ಬಂತು. ಅಕ್ಟೋಬರಿಗೆ ಅಕ್ಟೋಬರ್ ಹೋಲಿಸಿ ‘ಮಾರಾಟ ಏರಿತು’ ಎಂದುಕೊಂಡರೆ ನಿಮಗೆ ಸಿಕ್ಕಿದ್ದು ಹಬ್ಬದ ದಿನಾಂಕವಷ್ಟೇ. ಹಬ್ಬದ ಹಿಂದಿನ ನಾಲ್ಕು ವಾರಗಳನ್ನು ಹಿಂದಿನ ವರ್ಷದ ಅಂಥದೇ ನಾಲ್ಕು ವಾರಗಳೊಂದಿಗೆ ಹೋಲಿಸಿ. ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರ ಜನವರಿಯಲ್ಲಿ ಪದ್ಮಶ್ರೀ ಘೋಷಣೆಯಾಯಿತಲ್ಲ, ಅಂಥ ಸಂತಸದ ಸುದ್ದಿಯ ಬೆನ್ನಿಗೆ ಆರ್ಡರ್ ಏರಿದರೆ ಅದನ್ನು ನಂಬಿ ವರ್ಷಕ್ಕಾಗುವಷ್ಟು ದಾಸ್ತಾನು ಮಾಡಬೇಡಿ. ಬೆಳ್ಳಿಯ ದರವೂ ನಿಮ್ಮ ಪಟ್ಟಿಯಲ್ಲಿರಲಿ. 2025ರಲ್ಲಿ ಅದು ಕಿಲೋಗೆ 1 ಲಕ್ಷ ರೂಪಾಯಿಗಿಂತ ಬಹಳ ಮೇಲೇರಿತು. ಬೆಲೆ ಏರಿಸಿದ ತಿಂಗಳೇ ಮಾರಾಟ ಇಳಿದಿದ್ದರೆ ಕಾರಣವನ್ನು ರಿವ್ಯೂಗಳಲ್ಲಿ ಹುಡುಕಬೇಕಿಲ್ಲ.

ಕೊಳ್ಳುವವರ ಇನ್ನೊಂದು ಸಂದೇಹ ‘ಇದು ಅಸಲಿಯೇ?’ ಎನ್ನುವುದು. ಬಿದ್ರಿಗೆ 2006ರಲ್ಲೇ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ. ನಿಮಗೆ ಸಾಮಾನು ಕೊಡುವವರು ಅದರ ಅಧಿಕೃತ ಬಳಕೆದಾರರಾಗಿ ನೋಂದಾಯಿಸಿದ್ದರೆ ಅದನ್ನು ಮುಂದೆ ಕಾಣುವಂತೆ ಹಾಕಿ. ಆದರೆ ಬೇಳೆ ಬೇಗ ಹೋಗಲೆಂದು ‘ಕಲಬುರಗಿ ತೊಗರಿ’ ಎಂದು ಅಚ್ಚು ಹಾಕಿಸಬೇಡಿ. 2019ರಿಂದ ಆ ತೊಗರಿಬೇಳೆಗೂ ಅಂಥದೇ ರಕ್ಷಣೆ ಇದೆ. ಭಾಲ್ಕಿ ಎಂದೇ ಬರೆಯಿರಿ.

ಕೊನೆಗೆ ನೆಂಟರಿಷ್ಟರ ಐದು ಸ್ಟಾರ್. ಹೌದು, ತಪ್ಪು. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಮಾರುವವರು ಗ್ರಾಹಕರ ವೇಷದಲ್ಲಿ ರಿವ್ಯೂ ಹಾಕುವಂತಿಲ್ಲ. ರಿವ್ಯೂ ಸಂಗ್ರಹಿಸಿ ಪ್ರಕಟಿಸುವ ಕ್ರಮಕ್ಕೆ ಭಾರತೀಯ ಮಾನಕ ಬ್ಯೂರೊ 2022ರಲ್ಲಿ ಐಎಸ್ 19000 ಎಂಬ ಮಾನದಂಡವನ್ನೂ ತಂದಿದೆ. ಕಾನೂನು ಒತ್ತಟ್ಟಿಗಿರಲಿ, ಭಾವ, ಮೈದುನರ ಸ್ಟಾರ್ ಬೆರೆತ ಮೇಲೆ ಆ ರಿವ್ಯೂಗಳಿಂದ ನೀವೇ ಏನನ್ನೂ ತಿಳಿಯಲಾರಿರಿ. ಬದಲಿಗೆ ಪ್ರತಿ ಪೆಟ್ಟಿಗೆಯಲ್ಲೂ ಕನ್ನಡ, ಮರಾಠಿ, ಹಿಂದಿಯಲ್ಲಿ ಅಚ್ಚಾದ ಒಂದು ಚೀಟಿ ಇಡಿ. ಮೆಚ್ಚಿದವರು ಮೆಚ್ಚದವರು ಎನ್ನದೆ ಎಲ್ಲರಿಗೂ ಒಂದೇ ಚೀಟಿ. ‘ಐದು ಸ್ಟಾರ್ ಕೊಡಿ’ ಎನ್ನಬೇಡಿ, ರಿವ್ಯೂಗೆ ಪ್ರತಿಯಾಗಿ ರಿಯಾಯಿತಿಯನ್ನೂ ಕೊಡಬೇಡಿ. ‘ಬೇಳೆ ಹೇಗೆ ಬೆಂತು?’, ‘ಸಾಮಾನು ಫೋಟೋದಲ್ಲಿದ್ದಂತೆಯೇ ಇದೆಯೇ?’ ಎಂದು ಕೇಳಿ, ಕೆಳಗೆ ಫೋನ್ ಸಂಖ್ಯೆ ಮತ್ತು ಲಾಟ್ ಸಂಖ್ಯೆ ಹಾಕಿ.