ಬಟ್ಟೆ ಸರಿಹೊಂದದಿದ್ದರೆ ತಪ್ಪು ಯಾರದು?



ಮನೆಯಲ್ಲಿ ಮದುವೆ ನಿಶ್ಚಯವಾದರೆ ಜವಳಿ ತರುವ ಸಡಗರ ನಿಮಗೆ ಗೊತ್ತೇ ಇದೆ. ಹಿಂದೆ ಜನವಾಡ, ಔರಾದ್, ಭಾಲ್ಕಿಯ ಕಡೆಯವರು ಬೀದರಿನ ಪೇಟೆಯಲ್ಲಿ ಸೀರೆ ಆರಿಸಿ, ರವಿಕೆಯ ಬಟ್ಟೆಯನ್ನು ಪರಿಚಯದ ದರ್ಜಿಯ ಕೈಗೆ ಕೊಟ್ಟು ಬರುತ್ತಿದ್ದರು. ಈಗ ಕೆಲವು ಕುಟುಂಬಗಳು ಹೈದರಾಬಾದಿನ ಬಂಜಾರಾ ಹಿಲ್ಸ್, ಜುಬಿಲಿ ಹಿಲ್ಸ್‌ಗಳ ದುಬಾರಿ ಬೊಟಿಕ್‌ಗಳವರೆಗೂ ಹೋಗುತ್ತವೆ. ಒಳ್ಳೆಯ ಬಟ್ಟೆ ಬೇಕೆನ್ನುವುದು ತಪ್ಪಲ್ಲ. ಆದರೆ ಅಲ್ಲಿಂದ ಬಟ್ಟೆಯ ಜೊತೆಗೆ ಒಂದು ಕೊರಗನ್ನೂ ಮನೆಗೆ ತರುವವರಿದ್ದಾರೆ.

ಮದುವೆಯ ಹುಡುಗಿ ಲೆಹೆಂಗಾ ತೊಟ್ಟು ನೋಡುತ್ತಾಳೆ. ಸೊಂಟದ ಕೊಕ್ಕೆ ಸೇರುವುದಿಲ್ಲ. ‘ಈ ಡಿಸೈನಿನಲ್ಲಿ ನಿಮ್ಮ ಸೈಜ್ ಇಲ್ಲ’ ಎಂಬ ಉತ್ತರ ಬರುತ್ತದೆ. ಜೊತೆಗೆ ಹೋದ ಬಂಧುಗಳು ‘ಮದುವೆಯೊಳಗೆ ಸ್ವಲ್ಪ ಇಳಿಸಿಕೋ’ ಎನ್ನುತ್ತಾರೆ. ಆ ರಾತ್ರಿಯಿಂದಲೇ ಅವಳು ಊಟ ಬಿಡತೊಡಗುತ್ತಾಳೆ. ಬಟ್ಟೆ ಹಿಡಿಯಲಿಲ್ಲವೆಂದು ದೇಹವನ್ನು ದಂಡಿಸುವುದು ನ್ಯಾಯವೇ? ಇದನ್ನು ಕುಟುಂಬವಾಗಿ ಕುಳಿತು ಯೋಚಿಸೋಣ.

ಮೊದಲನೆಯದಾಗಿ, ಪಟ್ಟಿಯ ಮೇಲಿನ ಅಂಕಿ ಎಲ್ಲಿಂದ ಬಂತೆಂದು ತಿಳಿಯಿರಿ. ಅಮೆರಿಕದ ಕೃಷಿ ಇಲಾಖೆ 1939-40ರಲ್ಲಿ ಸುಮಾರು 15,000 ಮಹಿಳೆಯರ ಅಳತೆ ತೆಗೆಸಿತು. ಲೆಕ್ಕಕ್ಕೆ ಹಿಡಿದದ್ದು ಬಿಳಿಯ ಮಹಿಳೆಯರ ಅಳತೆಯನ್ನು ಮಾತ್ರ. ಅದರ ಆಧಾರದ ಮೇಲೆ 1958ರಲ್ಲಿ ಒಂದು ಅಳತೆಪಟ್ಟಿ ಪ್ರಕಟವಾಯಿತು. ಅದು ಜನರಿಗೆ ಹೊಂದದೆ 1983ರಲ್ಲಿ ಹಿಂತೆಗೆಯಲ್ಪಟ್ಟಿತು. ಈಗ ಪ್ರತಿ ಕಂಪನಿಗೂ ತನ್ನದೇ ಪಟ್ಟಿ. ಅಮೆರಿಕದಲ್ಲಿ ಸುಮಾರಾಗಿ 8 ಎನ್ನುವ ಉಡುಪು ಇಂಗ್ಲೆಂಡಿನಲ್ಲಿ 12 ಆಗುತ್ತದೆ. ದೇಹ ಒಂದೇ, ಅಂಕಿ ಬೇರೆ! ನಮ್ಮ ದೇಶದವರ ಮೈಕಟ್ಟಿಗೆ ತಕ್ಕ ಪಟ್ಟಿ ಬೇಕೆಂದೇ ನಿಫ್ಟ್ ಸಂಸ್ಥೆ ‘ಇಂಡಿಯಾ ಸೈಜ್’ ಯೋಜನೆಯನ್ನು ಕೈಗೊಂಡಿತು. ಹೈದರಾಬಾದ್ ಸೇರಿದಂತೆ ಆರು ನಗರಗಳಲ್ಲಿ 25,000ಕ್ಕೂ ಹೆಚ್ಚು ಜನರನ್ನು ಅಳೆಯುವುದು ಅದರ ಗುರಿಯಾಗಿತ್ತು. ಎಂದಮೇಲೆ, ಪರದೇಶದ ಪಟ್ಟಿಗೆ ಹೊಂದದ ಹುಡುಗಿಯಲ್ಲಿ ಕೊರತೆ ಹುಡುಕುವುದೇಕೆ?

ಎರಡನೆಯದಾಗಿ, ಅಂಗಡಿಯ ಬೊಂಬೆಯೊಡನೆ ನಿಮ್ಮನ್ನು ಹೋಲಿಸಬೇಡಿ. ಲಿವರ್‌ಪೂಲ್ ವಿಶ್ವವಿದ್ಯಾಲಯದ ಸಂಶೋಧಕರು ಇಂಗ್ಲೆಂಡಿನ ಎರಡು ನಗರಗಳ ಬಟ್ಟೆ ಅಂಗಡಿಗಳ ಬೊಂಬೆಗಳನ್ನು ಪರೀಕ್ಷಿಸಿ 2017ರಲ್ಲಿ ವರದಿ ಪ್ರಕಟಿಸಿದರು. ಅವರು ನೋಡಿದ ಹೆಣ್ಣು ಬೊಂಬೆಗಳೆಲ್ಲವೂ ಆರೋಗ್ಯವಂತ ಮಹಿಳೆಗಿಂತ ತೆಳ್ಳಗಿದ್ದವು. ಅಂಥ ಬೊಂಬೆಗೂ ಬಟ್ಟೆ ಚೆನ್ನಾಗಿ ಕೂರಲೆಂದು ಕೆಲವೆಡೆ ಬೆನ್ನ ಹಿಂದೆ ಪಿನ್ನು ಚುಚ್ಚಿರುತ್ತಾರೆ!

ಮೂರನೆಯದಾಗಿ, ನಮ್ಮ ಹಿರಿಯರ ರೂಢಿಯನ್ನು ನೆನೆಯಿರಿ. ಇಳಕಲ್ ಸೀರೆ ಸಣಕಲಿಯನ್ನೂ ದಪ್ಪಗಿನವಳನ್ನೂ ಒಂದೇ ರೀತಿ ಒಪ್ಪುತ್ತದೆ. ದರ್ಜಿ ಟೇಪು ಹಿಡಿದು ನಿಮ್ಮನ್ನು ಅಳೆದು, ಬಟ್ಟೆಯನ್ನು ಕತ್ತರಿಸುತ್ತಾನೆಯೇ ಹೊರತು ನಿಮ್ಮನ್ನಲ್ಲ.

ಊಟ ಬಿಡುವುದರ ಅಪಾಯ ಸಣ್ಣದಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ. ಮೊದಲೇ ರಕ್ತ ಕಡಿಮೆ ಇರುವ ಹುಡುಗಿ ಊಟವನ್ನೂ ಬಿಟ್ಟರೆ ಮದುವೆಯ ದಿನ ಬಟ್ಟೆ ಹಿಡಿದೀತು, ಆದರೆ ನಿಲ್ಲಲು ತ್ರಾಣವಿರುವುದಿಲ್ಲ. ತೂಕದ ಬಗ್ಗೆ ನಿಜವಾದ ಚಿಂತೆಯಿದ್ದರೆ ವೈದ್ಯರನ್ನು ಕೇಳಿ. ಬಟ್ಟೆ ಅಂಗಡಿಯ ಕನ್ನಡಿ ವೈದ್ಯನಲ್ಲ. ಮಗಳು ವಾರಗಟ್ಟಲೆ ಊಟ ತಪ್ಪಿಸುತ್ತಿದ್ದರೆ, ತಿಂದದ್ದನ್ನು ಬೇಕೆಂದೇ ವಾಂತಿ ಮಾಡುತ್ತಿದ್ದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಸಮುವೇಲ ಪ್ರವಾದಿ ಜೆಸ್ಸೆಯ ಹಿರಿಮಗನ ಎತ್ತರಕ್ಕೆ ಮರುಳಾದಾಗ, ದೇವರು ಅವನನ್ನು ತಡೆದು ಕುರಿ ಕಾಯುತ್ತಿದ್ದ ಕಿರಿಯವನನ್ನು ಕರೆಸಿದ್ದು ನಿಮಗೆ ನೆನಪಿದೆ. ಪ್ರವಾದಿಗೂ ಕಲಿಯಬೇಕಾಗಿ ಬಂದ ಪಾಠ ಅದು. ನಾವೂ ನಮ್ಮ ಮನೆಯಲ್ಲಿ ಅದನ್ನು ಕಲಿಯೋಣ.

ಹೀಗೆ ಮಾಡಿ ನೋಡಿ:

1. ಹೊರಡುವ ಮುನ್ನ ಮನೆಯಲ್ಲೇ ಎದೆ, ಸೊಂಟ, ಎತ್ತರಗಳನ್ನು ಅಳೆದು ಬರೆದುಕೊಳ್ಳಿ. ಅಂಗಡಿಯಲ್ಲಿ ‘ಸೈಜ್ ಎಷ್ಟು’ ಎಂದರೆ ಇಂಚುಗಳಲ್ಲಿ ಹೇಳಿ.

2. ಹೊಲಿಗೆಯ ಒಳಗೆ ಎಷ್ಟು ಬಟ್ಟೆ ಬಿಟ್ಟಿದ್ದಾರೆ, ಬಿಚ್ಚಿ ಸಡಿಲಿಸಬಹುದೇ ಎಂದು ಕೇಳಿ.

3. ‘ಮುಂದೆ ತೆಳ್ಳಗಾದಾಗ ತೊಡುತ್ತೇನೆ’ ಎಂದು ಕೊಳ್ಳಬೇಡಿ. ಇಂದಿನ ದೇಹಕ್ಕೆ ಕೊಳ್ಳಿ.

4. ಸಣಕಲು ಹುಡುಗನನ್ನಾಗಲಿ ದಪ್ಪಗಿನ ಹುಡುಗಿಯನ್ನಾಗಲಿ ಹಾಸ್ಯ ಮಾಡಬೇಡಿ. ಅಂಗಡಿಯವರ ಮಾತು ನಾಳೆ ಮರೆತುಹೋದೀತು, ತಾಯಿಯ ಮಾತು ಮರೆಯುವುದಿಲ್ಲ.

ಇಂದು ರಾತ್ರಿ ಊಟಕ್ಕೆ ಕುಳಿತಾಗ ಒಬ್ಬರನ್ನೊಬ್ಬರು ಕೇಳಿ: ನನ್ನ ಯಾವ ಮಾತು ನಿನಗೆ ನಿನ್ನ ದೇಹದ ಬಗ್ಗೆ ನಾಚಿಕೆ ತಂದಿದೆ? ಉತ್ತರ ಬಂದರೆ ವಾದಿಸದೆ ಕೇಳಿಸಿಕೊಳ್ಳಿ.