ಮೊಟ್ಟೆ ಕೋಳಿಗಳಿಗೆ ಹಿಪ್ಪುನೇರಳೆ ಸೊಪ್ಪು

ಕೋಲಾರ, ರಾಮನಗರದ ಕಡೆ ರೇಷ್ಮೆ ಹುಳು ಸಾಕುವ ರೈತರ ತೋಟಗಳಲ್ಲಿ, ಹುಳುಗಳಿಗೆ ಒಗ್ಗದ ಬಲಿತ ಸೊಪ್ಪು ಪ್ರತಿ ಕಟಾವಿನಲ್ಲೂ ಉಳಿಯುತ್ತದೆ. ಇದನ್ನು ತಿಪ್ಪೆಗೆ ಹಾಕುವ ಬದಲು ಮೊಟ್ಟೆ ಕೋಳಿಗಳ ಆಹಾರದಲ್ಲಿ ಬಳಸಬಹುದು. ಒಣಸೊಪ್ಪಿನಲ್ಲಿ ಶೇಕಡಾ 15ರಿಂದ 20ರಷ್ಟು ಸಸಾರಜನಕವಿರುತ್ತದೆ. ಆದರೆ ಮುಖ್ಯ ಲಾಭ ಬಣ್ಣದ್ದು. ನುಚ್ಚಕ್ಕಿಯನ್ನೇ ಹೆಚ್ಚಾಗಿ ತಿಂದ ಕೋಳಿಯ ಮೊಟ್ಟೆಯ ಭಂಡಾರ ಬಿಳಿಚಿಕೊಳ್ಳುತ್ತದೆ. ಸೊಪ್ಪು ಬೆರೆಸಿದರೆ ಹಳದಿ ಏರುತ್ತದೆ.

ಸೊಪ್ಪನ್ನು ನೆರಳಿನಲ್ಲಿ ತೆಳುವಾಗಿ ಹರಡಿ, ಕೈಯಲ್ಲಿ ಹಿಸುಕಿದರೆ ಪುಡಿಯಾಗುವವರೆಗೆ ಒಣಗಿಸಬೇಕು. ಬಿಸಿಲಿಗೆ ಹಾಕಿದರೆ ಬಣ್ಣ ಕೊಡುವ ಅಂಶ ಹಾಳಾಗುತ್ತದೆ. ಕಡ್ಡಿ ತೆಗೆದು ಪುಡಿ ಮಾಡಿ, ಜೋಳ ಹಿಂಡಿಗಳನ್ನು ತಗ್ಗಿಸದೆ, 100 ಕಿಲೋ ಆಹಾರದಲ್ಲಿ 5 ಕಿಲೋ ತೌಡಿನ ಬದಲಿಗೆ ಬೆರೆಸಿದರೆ ಸಾಕು. ಪುಕ್ಕಟೆ ಸಿಕ್ಕಿತೆಂದು ಇದನ್ನೇ ಸುರಿಯುವ ಆಸೆ ಸಹಜ. ನಷ್ಟ ಆರಂಭವಾಗುವುದೂ ಅಲ್ಲೇ. ಸೊಪ್ಪಿನಲ್ಲಿ ನಾರು ಹೆಚ್ಚು, ಶಕ್ತಿ ಕಡಿಮೆ. ದಿನಕ್ಕೆ ಸುಮಾರು 110 ಗ್ರಾಂ ತಿನ್ನುವ ಕೋಳಿಯ ಹೊಟ್ಟೆ ಸೊಪ್ಪಿನಿಂದಲೇ ತುಂಬಿದರೆ ಮೊಟ್ಟೆಗಳ ಸಂಖ್ಯೆ ಇಳಿಯುತ್ತದೆ.

ಹುಳುಗಳ ತಟ್ಟೆಯಲ್ಲಿ ಉಳಿದ ಸೊಪ್ಪಿನ ಮಾತೇ ಬೇರೆ. ಅದಕ್ಕೆ ಸುಣ್ಣ, ಸೋಂಕುನಿವಾರಕ ಪುಡಿ, ಹುಳುವಿನ ಹಿಕ್ಕೆ ಅಂಟಿರುತ್ತವೆ, ಕೋಳಿಗಳಿಗೆ ಹಾಕಕೂಡದು. ಔಷಧಿ ಸಿಂಪಡಿಸಿದ ತೋಟದ ಸೊಪ್ಪನ್ನೂ, ಡಬ್ಬಿಯ ಮೇಲೆ ಸೂಚಿಸಿದಷ್ಟು ದಿನ ಕಳೆಯುವವರೆಗೆ ಕೀಳಬಾರದು.